ಕೆರೆನುಂಗನ ವೇಷ

ಉಡಿಗಾಲ
ಸೋಮವಾರ, 9-4-1956, ಬೆಳಗಿನ ಜಾವ

ಪೂಜ್ಯ ಅತ್ತಿಗೆಯವರಿಗೆ ನಿಮ್ಮ ಮೈದುನ ಸಿದ್ದಮಲ್ಲಪ್ಪ ಮಾಡುವ ಶರಣುಗಳು.

ಗುಂಡ್ಲುಪೇಟೆಯಲ್ಲಿ ನಮ್ಮ ದೊಡ್ಡ ಮಗಳು, ಬಾಣಂತಿ, ಹೇಗಿದ್ದಾಳೆ? ಹಾಲು ಸಾಕಾಗುತ್ತಿದೆಯೆ? ಕೂಸು ರಾತ್ರಿಯೆಲ್ಲ ಅಳುತ್ತದೆ ಎಂದು ಬರೆಸಿದ್ದಿರಿ, ಈಗ ಕಡಿಮೆಯಾಗಿರಬೇಕು. ನಿಮ್ಮ ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡಿ, ಬಾಣಂತನ ಮಾಡುವವರೇ ಹಾಸಿಗೆ ಹಿಡಿದರೆ ಆ ಮನೆಯಲ್ಲಿ ನಿಮ್ಮನ್ನು ನೋಡುವವರಿಲ್ಲ. ಇಲ್ಲಿ ಕೆಂದ ಹಸು ಹೆಣ್ಣುಗರು ಹಾಕಿದೆ. ಅರಿಸಿನ ಬೇಯಿಸಿ ಒಣಗಿಸಿದ್ದಾಯಿತು. ಚಿಕ್ಕವಳು ಮಂಗಳಗೌರಿ ಮನೆಯನ್ನು ನಿಮಗಿಂತ ಚೊಕ್ಕಟವಾಗಿ ಇಟ್ಟುಕೊಂಡಿದ್ದಾಳೆ, ನಾನು ಹೀಗೆ ಬರೆದೆ ಎಂದು ಮಾತ್ರ ಅವಳಿಗೆ ಹೇಳಬೇಡಿ. ನಾವೆಲ್ಲ ಕ್ಷೇಮ ಎಂದು ಮುಗಿಸಿಬಿಡಬಹುದಿತ್ತು. ಆದರೆ ಭೀಮನಬೀಡಿನ ಬೀಗರು ಈಗ ನಮ್ಮ ನಡುಮನೆಯಲ್ಲಿ ಮಲಗಿದ್ದಾರೆ, ನಾನು ಜಗಲಿಯ ಮೇಲೆ ಲಾಟೀನು ಇಟ್ಟುಕೊಂಡು ಸದ್ದಾಗದಂತೆ ಬರೆಯುತ್ತಿದ್ದೇನೆ. ಯುಗಾದಿ ಕಳೆದ ಮೇಲೆ ಹುಡುಗಿ ನೋಡಲು ಬರಬೇಕಾದವರು ಇಷ್ಟು ಬೇಗ ಹೇಗೆ ಬಂದರು ಎಂದು ನೀವು ಗಾಬರಿಯಾಗುತ್ತೀರಿ. ಬಸ್ಸಿನ ಜನ ಕೈಕಾಲು ಸೇರಿಸಿ ನಿಮ್ಮ ಕಿವಿಗೆ ಹಾಕುವ ಮೊದಲು ನಡೆದದ್ದನ್ನು ನಡೆದ ಹಾಗೆ ನಾನೇ ಹೇಳುವುದು ಒಳ್ಳೆಯದು.

ಗಾಳಿಮಲ್ಲನ ಕಥೆಯನ್ನು ಈ ಊರಿನಲ್ಲಿ ಮೊದಲು ಹೇಳಿದವಳು ನಮ್ಮಜ್ಜಿ ದೊಡ್ಡಮಲ್ಲಮ್ಮ. ಪ್ಲೇಗು ಬಂದು ಊರು ಖಾಲಿ ಮಾಡಿ ಎಲ್ಲರೂ ಹೊಲದಲ್ಲಿ ಗುಡ್ಲು ಹಾಕಿಕೊಂಡಿದ್ದ ವರ್ಷ ಅದು. ನಾನಿನ್ನೂ ಅವ್ವನ ಸೊಂಟದ ಮೇಲಿದ್ದೆ, ಅಣ್ಣಯ್ಯ ದನ ಕಾಯುವಷ್ಟು ದೊಡ್ಡವನು. ನೀವೂ ಸೊಸೆಯಾಗಿ ಬಂದ ಮೇಲೆ ಅವಳ ಬಾಯಿಂದಲೇ ಕೇಳಿದ್ದೀರಿ. ಗಾಳಿಯ ಬೆನ್ನೇರಿ ಬೆಟ್ಟದಿಂದ ಬೆಟ್ಟಕ್ಕೆ ಹೋಗುವ ಮಲ್ಲ ಒಬ್ಬ. ಅವನಿಗೆ ಎದುರು ಕೆರೆನುಂಗ ಎಂಬ ರಾಕ್ಷಸ. ಕೆರೆನುಂಗ ಕೋರೆಹಲ್ಲು ತೋರಿಸಿ ಹೆದರಿಸುವವನಲ್ಲ. ಬಡವನ ಹಾಗೆ ಬಾಗಿಲಿಗೆ ಬಂದು ಒಂದು ಗುಟುಕು ನೀರು ಕೇಳುತ್ತಾನೆ. ಯಾವ ಹೆಂಗಸು ಇಲ್ಲ ಅಂದಾಳು? ಕೊಟ್ಟರೆ ಬೆಳಗಾಗುವುದರೊಳಗೆ ಆ ಊರಿನ ಕೆರೆ ಒಣಗಿರುತ್ತದೆ.

ಅಜ್ಜಿ ಕಥೆಯ ಜೊತೆಗೆ ಕಟ್ಟುಪಾಡನ್ನೂ ಕಟ್ಟಿಟ್ಟು ಹೋದಳು. ಇದನ್ನು ನಾಟಕ ಆಡುವಾಗ ಕೆರೆನುಂಗನ ಬಣ್ಣ ಹಚ್ಚಿದವನನ್ನು ಯಾರೂ ಹೆಸರು ಹಿಡಿದು ಕರೆಯಬಾರದು, ವೇಷದೊಳಗೆ ಇರುವವನು ಇಂಥವನು ಎಂದು ಹೇಳಲೂ ಬಾರದು, ಅವನು ಮನೆಯವರ ಜೊತೆ ಮಾತಾಡಬಾರದು. ಮಾರನೆಯ ಬೆಳಿಗ್ಗೆ ಬಣ್ಣ ತೊಳೆದು, ಆಟದಲ್ಲಿ ಯಾರ ಯಾರ ಮುಂದೆ ನೀರು ಕೇಳಿದನೋ ಅವರೆಲ್ಲರ ಮುಂದೆ ಹೋಗಿ ಬೊಗಸೆ ಒಡ್ಡಬೇಕು. ಅವರು ನೀರು ಹೊಯ್ದರೆ ವೇಷ ಇಳಿಯಿತು. ಒಬ್ಬರು ಹೊಯ್ಯದಿದ್ದರೂ ವೇಷ ಅವನ ಮೇಲೆಯೇ ಉಳಿಯಿತು ಎಂದು ಅರ್ಥ, ಆ ವರ್ಷ ಅವನ ಮನೆಯಲ್ಲಿ ಶುಭಕಾರ್ಯ ಇಲ್ಲ. ಅದಕ್ಕೇ ಊರಿನ ಯಾವ ಸಂಸಾರಸ್ಥನೂ ಆ ಪಾತ್ರ ಮುಟ್ಟುತ್ತಿರಲಿಲ್ಲ. ಹೊರಗಿನಿಂದ ಕೂಲಿಗೆ ಒಬ್ಬನನ್ನು ಕರೆಸುತ್ತಿದ್ದೆವು. ಅವನು ನೀರು ಕೇಳಿದರೆ ಹೋಟೆಲಿನಲ್ಲಿ ಕಾಫಿ ಹೇಳಿದ ಹಾಗಿರುತ್ತಿತ್ತು. ಮಲ್ಲನ ಪಾತ್ರವೋ ಪಟೇಲರ ಮನೆಯ ಸ್ವತ್ತು, ಪಟೇಲರ ಮಗನಿಗೆ ಹೊಟ್ಟೆ ಬಂದು ಗಾಳಿಯಲ್ಲಿ ಹಾರುವುದಿರಲಿ, ಹಲಗೆಯ ಮೇಲೆ ಹತ್ತುವುದೇ ಕಷ್ಟವಾಗಿತ್ತು. ಹೋದ ವರ್ಷ ಅರ್ಧ ಆಟಕ್ಕೆ ಜನ ಎದ್ದು ಚಾಮರಾಜನಗರದ ಟೆಂಟಿಗೆ ಸ್ಟಂಟ್ ಪಿಕ್ಚರ್ ನೋಡಲು ಹೋದದ್ದು ನಿಮಗೆ ನೆನಪಿರಬೇಕು.

ಈ ವರ್ಷ ಹಾರ್ಮೋನಿಯಂ ಬಸವಯ್ಯ ಮೇಷ್ಟ್ರು ಚಾಮರಾಜನಗರದಿಂದ ಬಂದವರೇ ಹಟ ಹಿಡಿದರು. ಮನೆತನ ನೋಡಿ ಪಾತ್ರ ಹಂಚುವುದಾದರೆ ನಾನು ಪೆಟ್ಟಿಗೆ ಎತ್ತಿಕೊಂಡು ಹೋಗುತ್ತೇನೆ ಎಂದರು. "ಟೆಂಟ್‌ಗೆ ಜನ ಕಥೆ ನೋಡಕ್ಕೆ ಓಯ್ತಾರೆ ಅಂದ್ಕಂಡಿದ್ದೀರಾ? ಆಳು ನೋಡಕ್ಕೆ ಓಯ್ತಾರೆ. ರಾಕ್ಷಸನ್ನ ಕಂಡು ಜನ ಎದ್ರುಕಂಡ್ರೆ ತಾನೆ ಮಲ್ಲ ಮಲ್ಲ ಆಗಾದು?" ಇದು ಅವರ ಮಾತು. ಮಲ್ಲನ ಪಾತ್ರಕ್ಕೆ ನಮ್ಮ ಹೊಲಕ್ಕೆ ಬರುವ ಮೂಗಯ್ಯನನ್ನು ಆರಿಸಿದರು. ತೆಂಗಿನ ಮರ ಹತ್ತಿ ಹತ್ತಿ ಹುರಿಯಂತಾದ ಮೈ ಅವನದು, ಹಗ್ಗ ಕಟ್ಟಿ ಬಿಟ್ಟರೆ ನಿಜವಾಗಿ ಗಾಳಿಯೇ ಎತ್ತಿಕೊಂಡು ಹೋದಂತೆ ಕಾಣುತ್ತಿದ್ದ. ಕೂಲಿಯವನ ತಲೆಗೆ ಕಿರೀಟವೇ ಎಂದು ಪಟೇಲರ ಜಗಲಿಯಲ್ಲಿ ಗುಸುಗುಸು ಎದ್ದಿತು, ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆರೆನುಂಗನಿಗಾಗಿ ಊರ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದಲೂ ನೀರು ಕೇಳಿಸಿದರು. ಎಲ್ಲರೂ ಅರಚಿದರು. ಅಣ್ಣಯ್ಯ ಸುಮ್ಮನೆ ನೋಡಲು ಬಂದು ಕಂಬಕ್ಕೆ ಒರಗಿ ನಿಂತಿದ್ದ. ಮೇಷ್ಟ್ರು ಅವನನ್ನೂ ಬಿಡಲಿಲ್ಲ. ಕೋಳಿಯನ್ನು ಕೂಡ ಗದರಿಸದ ನಿಮ್ಮ ಯಜಮಾನರು ತಲೆ ಬಗ್ಗಿಸಿಕೊಂಡು, ಮೆಲ್ಲಗೆ, "ಒಂದ್ ಗುಟುಕು ನೀರ್ ಕೊಡ್ರವ್ವ" ಎಂದರು ನೋಡಿ, ನನ್ನ ಬೆನ್ನ ಮೇಲೆ ಇರುವೆ ಹರಿದ ಹಾಗಾಯಿತು. ಮೇಷ್ಟ್ರು ಪೆಟ್ಟಿಗೆ ಮುಚ್ಚಿದರು. ಇನ್ನೊಬ್ಬರನ್ನು ಕೇಳಲಿಲ್ಲ.

ಮಗಳ ಲಗ್ನ ಕಟ್ಟಿಸುವವರೆಗೆ ಬಣ್ಣ ಮುಟ್ಟಬೇಡಿ ಎಂದು ನೀವು ಹೊರಡುವಾಗ ಹೇಳಿದ್ದು ಅಣ್ಣಯ್ಯನಿಗೆ ನೆನಪಿತ್ತು, ನನಗೂ ನೆನಪಿತ್ತು. ಬೀಗರು ಯುಗಾದಿ ಕಳೆದ ಮೇಲೆ ತಾನೆ ಬರುವುದು, ನೀರು ಕೇಳುವುದು ನಮ್ಮೂರಿನ ಹೆಂಗಸರನ್ನೇ ತಾನೆ, ಅವರಲ್ಲಿ ಯಾರು ತಾನೆ ಹೊಯ್ಯದೆ ಇದ್ದಾರು ಎಂದು ಅವನು ಲೆಕ್ಕ ಹಾಕಿದ. ಆ ಲೆಕ್ಕ ತಪ್ಪಲು ಅವನೇ ಕಾರಣನಾದ, ಅದೂ ವಿಚಿತ್ರವಾಗಿ. ಪ್ರಾಕ್ಟೀಸು ನೋಡಿದವರು ಸುಮ್ಮನಿರಲಿಲ್ಲ. ಉಡಿಗಾಲದ ಕೆರೆನುಂಗನನ್ನು ನೋಡಿದವರು ಚೊಂಬು ಕೈಯಲ್ಲಿ ಹಿಡಿಯಲು ಹೆದರುತ್ತಾರಂತೆ ಎಂಬ ಸುದ್ದಿ ಸಂತೆಗೆ ಹೋಯಿತು, ಬಸ್ಸು ಹತ್ತಿತು, ಗುಂಡ್ಲುಪೇಟೆ ದಾಟಿ ಭೀಮನಬೀಡಿಗೂ ಮುಟ್ಟಿತು. ನಮ್ಮ ಭಾವಿ ಬೀಗಿತ್ತಿ ಬಸವಮ್ಮನವರಿಗೆ ನಾಟಕ ಎಂದರೆ ಪ್ರಾಣವಂತೆ. ಹೇಗೂ ನೆಂಟಸ್ತಿಕೆಯ ಊರು, ಆಟವನ್ನೂ ನೋಡಿದ ಹಾಗಾಗುತ್ತದೆ, ಹುಡುಗಿಯನ್ನೂ ನೋಡಿದ ಹಾಗಾಗುತ್ತದೆ ಎಂದು ಗಂಡ ಗುರುಮಲ್ಲಯ್ಯನವರನ್ನು ಹೊರಡಿಸಿಕೊಂಡು ನಿನ್ನೆ ಮಧ್ಯಾಹ್ನದ ಬಸ್ಸಿಗೆ ಬಂದೇ ಬಿಟ್ಟರು.

ಅಷ್ಟು ಹೊತ್ತಿಗೆ ಅಣ್ಣಯ್ಯನ ಮುಖಕ್ಕೆ ಬಣ್ಣ ಬಿದ್ದಿತ್ತು.

ಗುರುಮಲ್ಲಯ್ಯನವರು ಬಾಗಿಲಲ್ಲಿ ನಿಂತು ಯಜಮಾನರೆಲ್ಲಿ ಎಂದರು. ನಾನು ಏನು ಹೇಳಲಿ? ವೇಷದಲ್ಲಿದ್ದಾನೆ ಎಂದರೆ ಕಟ್ಟು ಮುರಿಯುತ್ತದೆ. ಬಿಡಲಾರದ ಕೆಲಸದಲ್ಲಿದ್ದಾರೆ, ಬೆಳಿಗ್ಗೆ ನಿಮ್ಮ ಮುಂದೆ ಬಂದು ನಿಲ್ಲುತ್ತಾರೆ ಎಂದೆ. ಅವರ ಮುಖ ಅಲ್ಲೇ ಬಿಗಿಯಿತು. ಹೆಣ್ಣಿನ ತಂದೆ ತನ್ನ ಕೈಯಾರೆ ಕಾಲಿಗೆ ನೀರು ಕೊಡದ ಮನೆಗೆ ಅವರು ಇದುವರೆಗೆ ಹೋಗಿಲ್ಲವಂತೆ, ಅದನ್ನು ನನಗೆ ಕೇಳಿಸುವಂತೆ ಹೆಂಡತಿಗೆ ಹೇಳಿದರು. ಮಂಗಳಗೌರಿ ಪಾನಕ ತಂದು ಕೊಟ್ಟಳು. ಬಸವಮ್ಮನವರು ಅವಳ ಗಲ್ಲ ಹಿಡಿದು ನೋಡಿ, ಬಳೆ ಸರಿಮಾಡಿ, ಚೆನ್ನಾಗಿ ಮಾತಾಡಿಸಿದರು. ಹುಡುಗಿ ಒಪ್ಪಿಗೆಯಾದಳು ಎಂದು ನನಗೆ ಅನ್ನಿಸಿತು. ಗುಂಡ್ಲುಪೇಟೆಯ ಅಕ್ಕನ ಮನೆಯಲ್ಲಿ ಇವರ ಮಗನನ್ನು ಕಂಡ ಮೇಲೆ ಇವಳ ಮನಸ್ಸು ಎಲ್ಲಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಟೆಂಟಿನ ಹಾಗೆ ಊಟದ ಹೊತ್ತಿಗೆ ಮುಗಿಯಬೇಕು ಎಂದು ಮೇಷ್ಟ್ರು ದೀಪ ಹಚ್ಚುವ ಹೊತ್ತಿಗೇ ಆಟ ಶುರುಮಾಡಿಸಿದರು. ನೆಂಟರು ಎಂದ ಮೇಲೆ ಮುಂದಿನ ಚಾಪೆಯಲ್ಲಿ ಕೂರಿಸಬೇಕಲ್ಲ, ನಮ್ಮ ಜನ ಅವರನ್ನು ಕೈಹಿಡಿದು ಕರೆದೊಯ್ದು ನಟ್ಟನಡುವೆ ಕೂರಿಸಿದರು. ಮರ್ಯಾದೆ ಮಾಡುವ ಭರದಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಕೆರೆನುಂಗ ನೀರು ಕೇಳುವುದು ಆ ಚಾಪೆಯ ಹೆಂಗಸರನ್ನೇ ಎಂದು. ನನಗೆ ಹೊಳೆದಾಗ ನಾನು ಪರದೆಯ ಹಿಂದೆ ಪುಸ್ತಕ ಹಿಡಿದು ಮಾತು ಎತ್ತಿಕೊಡುತ್ತಿದ್ದೆ. ಅಣ್ಣಯ್ಯ ಆಗಲೇ ಪಂಜಿನವರ ಹಿಂದೆ ಜನರ ನಡುವೆ ನಡೆದು ಬರುತ್ತಿದ್ದ.

ಅವನು ಬಂದ ಬಗೆಯನ್ನು ಏನೆಂದು ಬರೆಯಲಿ? ಸದ್ದಿಲ್ಲ, ಕುಣಿತವಿಲ್ಲ. ಬಾಯಾರಿದವನ ನಡಿಗೆ. ಚಾಪೆಯ ಆ ತುದಿಯಿಂದ ಒಬ್ಬೊಬ್ಬ ಹೆಂಗಸನ್ನೂ ಕೇಳುತ್ತ ಬಂದ, ಅವರು ತಮ್ಮ ತಮ್ಮ ಚೊಂಬಿನಿಂದ ಕೊಟ್ಟರು, ಕೊಟ್ಟ ಹಾಗೆಲ್ಲ ರಂಗದ ಮೇಲೆ ಕೆರೆಯ ನೀಲಿ ಪರದೆ ಒಂದೊಂದು ಮೊಳ ಕೆಳಗೆ ಇಳಿಯಿತು. ಬಸವಮ್ಮನವರ ಹತ್ತಿರ ಬಂದಾಗ ಅಣ್ಣಯ್ಯನಿಗೆ ಯಾರೆಂದು ಗೊತ್ತಾಯಿತು. ದಾಟಿಹೋಗಲು ಒಂದು ಹೆಜ್ಜೆ ಇಟ್ಟ. ಮೇಷ್ಟ್ರಿಗೆ ಇದೆಲ್ಲ ಏನು ಗೊತ್ತು, ಪಾತ್ರಧಾರಿ ಮರೆತನೆಂದು ಹಾರ್ಮೋನಿಯಂನಲ್ಲಿ ಅದೇ ಸ್ವರವನ್ನು ಮತ್ತೆ ಮತ್ತೆ ಒತ್ತಿದರು. ಅಣ್ಣಯ್ಯ ಹಿಂದಕ್ಕೆ ತಿರುಗಿ ಕೇಳಿದ.

ಆಯಮ್ಮನಿಗೆ ಅಲ್ಲಿ ನಾಟಕವೇ ಇರಲಿಲ್ಲ ಅತ್ತಿಗೆ, ಕೆರೆ ಇತ್ತು. ತನ್ನ ಮಗ್ಗುಲಲ್ಲಿದ್ದ ಚೊಂಬನ್ನು ಎದೆಗೆ ಒತ್ತಿಕೊಂಡು, "ಕೊಡಕಿಲ್ಲ, ಓಗಲಾ" ಎಂದರು. ಅಣ್ಣಯ್ಯ ಕೈ ಚಾಚಿದ. ಆಯಮ್ಮ ಚೊಂಬು ಎತ್ತಿ ಅವನ ಹಣೆಗೆ ಅಪ್ಪಳಿಸಿಬಿಟ್ಟರು.

ಹಾರ್ಮೋನಿಯಂ ನಿಂತಿತು. ಕಪ್ಪು ಬಣ್ಣದ ಮೇಲೆ ರಕ್ತ ಇಳಿಯುವುದು ಗ್ಯಾಸ್‌ಲೈಟಿನಲ್ಲಿ ಎಲ್ಲರಿಗೂ ಕಂಡಿತು. ಅವನು ಯಾರು, ಹೊಡೆದವರು ಯಾರು ಎಂದು ಊರಿಗೆಲ್ಲ ಗೊತ್ತು, ಗೊತ್ತಿಲ್ಲದವರು ಆ ಗಂಡ ಹೆಂಡತಿ ಇಬ್ಬರೇ. ಮೂಗಯ್ಯ ಮೇಲೆ ಹಗ್ಗ ಹಿಡಿದು ನಿಂತವನು ಕೆಳಕ್ಕೆ ಧುಮುಕುವುದರಲ್ಲಿದ್ದ. ಅಣ್ಣಯ್ಯ ಬಗ್ಗಿ, ಉರುಳಿದ ಚೊಂಬನ್ನು ಎತ್ತಿ, ತಳದಲ್ಲಿ ಉಳಿದಿದ್ದ ನೀರನ್ನು ಗುಟುಕರಿಸಿ, ಆಯಮ್ಮನ ಕಾಲ ಬಳಿ ಚೊಂಬನ್ನು ನೆಟ್ಟಗೆ ಇಟ್ಟು ಮುಂದೆ ಹೋದ. ಅಷ್ಟೇ. ಮೂಗಯ್ಯ ಗಾಳಿಯಲ್ಲಿ ಇಳಿದು ಬಂದು ಅವನನ್ನು ಕೆಡವಿದಾಗ ಇಡೀ ಊರು ಎದ್ದು ನಿಂತಿತು. ಪ್ರಾಕ್ಟೀಸಿನಲ್ಲಿ ಧಣಿಯ ಎದೆಯ ಮೇಲೆ ಕಾಲಿಡಲಾರೆ ಎಂದು ಅಳುತ್ತಿದ್ದ ಮೂಗಯ್ಯ ನಿನ್ನೆ ಇಟ್ಟೇ ಇಟ್ಟ, ಅಣ್ಣಯ್ಯನೇ ಕೆಳಗಿನಿಂದ ಅವನ ಪಾದ ಹಿಡಿದು ಎಳೆದುಕೊಂಡಿದ್ದನ್ನು ನಾನು ಕಂಡೆ.

ಆಟ ಮುಗಿದ ಮೇಲೆ ಕಟ್ಟುಪಾಡು ಗೊತ್ತಿಲ್ಲದ ಪರವೂರಿನವನೊಬ್ಬ, "ಏನ್ ಮಾಡ್ಬುಟ್ಟ ಕಣ್ಲಾ ವೃಷಭೇಂದ್ರಪ್ಪ" ಎಂದು ಕೂಗಿ ಹೇಳಿದ. ಬಸವಮ್ಮನವರು ಅಣ್ಣಯ್ಯನ ಹೆಸರು ಕೇಳಿ ನಿಂತಲ್ಲೇ ನಿಂತರು. ಊಟ ಮುಟ್ಟಲಿಲ್ಲ, ಗೋಡೆಯ ಕಡೆಗೆ ತಿರುಗಿ ಮಲಗಿದರು. ಬೀಗನಾಗುವವನಿಗೆ ಕೈ ಮಾಡಿದ ಮೇಲೆ ಆ ಮನೆಯ ಹೆಣ್ಣನ್ನು ಯಾವ ಮುಖ ಇಟ್ಟುಕೊಂಡು ಮನೆ ತುಂಬಿಸಿಕೊಳ್ಳಲಿ ಎಂದು ಗಂಡನಿಗೆ ಹೇಳುತ್ತಿದ್ದದ್ದು ಗೋಡೆಯ ಈಚೆಗೂ ಕೇಳಿತು. ಮೊದಲನೆಯ ಬಸ್ಸಿಗೆ ಹೊರಟುಬಿಡುತ್ತೇವೆ ಎಂದು ಗುರುಮಲ್ಲಯ್ಯನವರು ನನಗೆ ಹೇಳಿದರು. ಕೋಪವಾಗಿದ್ದರೆ ಕಾಲು ಹಿಡಿದು ಇಳಿಸಬಹುದಿತ್ತು. ನಾಚಿಕೆಯನ್ನು ಹೇಗೆ ಇಳಿಸುವುದು?

ಈಗ ಹಿತ್ತಲಿನಲ್ಲಿ ಅಣ್ಣಯ್ಯ ಬಣ್ಣ ತೊಳೆಯುತ್ತಿದ್ದಾನೆ. ಹಣೆಗೆ ಅರಿಸಿನ ಮೆತ್ತಿದ್ದೇನೆ, ಗಾಯ ಆಳವಾಗಿಲ್ಲ, ಹೆದರಬೇಡಿ. ಇನ್ನು ಸ್ವಲ್ಪ ಹೊತ್ತಿಗೆ ಅವನು ಆಯಮ್ಮನ ಮುಂದೆ ಬೊಗಸೆ ಒಡ್ಡಬೇಕು. ಆಯಮ್ಮ ಮುಖ ತಿರುಗಿಸಿಕೊಂಡು ಬಸ್ಸು ಹತ್ತಿದರೆ ಈ ನೆಂಟಸ್ತಿಕೆಯೂ ಹೋಯಿತು, ಈ ವರ್ಷ ಬೇರೆ ಯಾವುದನ್ನೂ ನೋಡುವ ಹಾಗಿಲ್ಲ. ಮಂಗಳಗೌರಿ ಒಲೆಯ ಮುಂದೆ ಕುಳಿತಿದ್ದಾಳೆ. ನಾನು ಸಮಾಧಾನ ಹೇಳಲು ಹೋದೆ. "ಅಪ್ಪಯ್ಯನ್ನ ಯಾರೂ ಬಯ್ಬೇಡಿ ಚಿಕ್ಕಪ್ಪ" ಎಂದಳು. ನೀವೂ ಬಯ್ಯಬೇಡಿ. ನಡುಮನೆಯಲ್ಲಿ ಚಾಪೆ ಸುತ್ತುವ ಸದ್ದಾಗುತ್ತಿದೆ, ನಾನು ಏಳಬೇಕು.

ಬಾಣಂತಿಗೂ ಕೂಸಿಗೂ ನನ್ನ ಆಶೀರ್ವಾದ ಹೇಳಿ, ಅಳಿಯಂದಿರಿಗೆ ಶರಣು ತಿಳಿಸಿ.

ನಿಮ್ಮ ಮೈದುನ,
ಸಿದ್ದಮಲ್ಲಪ್ಪ

ಮರೆತದ್ದು: ಆತುರದಲ್ಲಿ ಸೀಸದಕಡ್ಡಿಯಲ್ಲಿ ಬರೆಯುತ್ತಿದ್ದೇನೆ. ಗುರುವಾರ ಯುಗಾದಿ, ಅದಾದ ಮೇಲೆ ಬರುವ ಸೋಮವಾರ ವೀಳ್ಯ ಬದಲಾಯಿಸುವುದೆಂದು ಮಾತಾಗಿದೆ, ಕೂಸನ್ನು ಅದರ ಅತ್ತೆಯ ಕೈಗೆ ಕೊಟ್ಟು ನೀವು ಹೇಗಾದರೂ ಎರಡು ದಿನಕ್ಕೆ ಬರಬೇಕು. ಈ ಕಾಗದ ತರುವವರು ಬಸವಮ್ಮನವರೇ, ಅವರ ಎದುರಿಗೆ ಓದಿಸಬೇಡಿ. ನಡೆದದ್ದು ಇಷ್ಟು. ಗಂಟು ಹಿಡಿದು ಆಯಮ್ಮ ಹೊಸ್ತಿಲು ದಾಟುವಾಗ ಅಣ್ಣಯ್ಯ ಒದ್ದೆ ತಲೆಯಲ್ಲಿ, ವಿಭೂತಿ ಇಟ್ಟುಕೊಂಡು, ಮೆಟ್ಟಿಲ ಕೆಳಗೆ ಬೊಗಸೆ ಒಡ್ಡಿ ನಿಂತಿದ್ದ. ಬೀದಿಯ ಜನವೆಲ್ಲ ಬಂದು ನಿಂತಿದ್ದರು. ಆಯಮ್ಮ ಆ ಗಾಯವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನಾ ಒಡ್ದಿದ್ದು ನಿಮ್ಗಲ್ಲ ಕಣಣ್ಣ, ಅವ್ನಿಗೆ. ಅವ್ನು ಇವತ್ತು ಬಂದ್ರೂವೆ ಒಡೀತೀನಿ" ಎಂದರು. ಹಾಗೆಂದವರೇ ಗಂಟನ್ನು ಗಂಡನ ಕೈಗೆ ಕೊಟ್ಟು, ಒಳಗೆ ಹೋಗಿ, ಮಂಗಳಗೌರಿಯ ಕೈಯಿಂದ ಬಿಂದಿಗೆ ಈಸಿಕೊಂಡು ಬಂದು ಬೊಗಸೆ ತುಂಬಿ ಚೆಲ್ಲುವಷ್ಟು ಹೊಯ್ದರು. ಅವರ ಹಿಂದೆ ನಮ್ಮೂರಿನ ಹೆಂಗಸರು ಚೊಂಬು ಹಿಡಿದು ಸಾಲು ನಿಂತರು. ಅವರಲ್ಲಿ ಎಷ್ಟೋ ಜನ ಆಗಲೇ ಕೆರೆಗೆ ಹೋಗಿ ನೀರು ಇದೆಯೋ ಇಲ್ಲವೋ ನೋಡಿಕೊಂಡು ಬಂದಿದ್ದರಂತೆ. ಮೊದಲನೆಯ ಬಸ್ಸು ಹೊರಟುಹೋಯಿತು. ಬೀಗರು ನಡುಮನೆಯಲ್ಲಿ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದಾರೆ, ಬಸವಮ್ಮನವರು ಸ್ವಲ್ಪ ಸರಿದು ಚಾಪೆಯಲ್ಲಿ ಮಂಗಳಗೌರಿಗೂ ಜಾಗ ಮಾಡಿದ್ದಾರೆ.