ಲೋರ್ಕನ್‌ಗೆ ಬಿದ್ದ ಬೈಗುಳ

ಪ್ಲೇನ್ಸ್‌ಬರೋ,
ಸೋಮವಾರ, ಜೂನ್ ೧೬

ಮುದ್ದು ವಿಭಾಳಿಗೆ ಅಮ್ಮನ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ, ನನ್ನ ಮೊಣಕಾಲೊಂದನ್ನು ಬಿಟ್ಟು. ಅದು ಮೈಸೂರಿನಲ್ಲೂ ಗೊಣಗುತ್ತಿತ್ತು, ಇಲ್ಲೂ ಗೊಣಗುತ್ತಿದೆ. ಧಾರವಾಡದಲ್ಲಿ ಸೆಕೆ ಇಳಿಯಿತೇ? ಅಳಿಯಂದಿರ ಕೆಮ್ಮು ನಿಂತಿತೇ? ನೀನು ಹಾಡಿ ಕಳಿಸಿದ ಕಲ್ಯಾಣಿ ರಾಗದ ರೆಕಾರ್ಡಿಂಗ್ ತಲುಪಿತು. ದಸರೆಗೆ ಪೂರ್ತಿ ಕಚೇರಿಗೆ ಕರೆದಿದ್ದಾರೆ, ಒಪ್ಪಿಕೊಳ್ಳಲೋ ಬೇಡವೋ ಅಂತ ಕೇಳಿದ್ದೀಯ. ಹೇಳುತ್ತೇನೆ ಇರು. ಹೋದ ಸಲ ನಾನು "ಚೆನ್ನಾಗಿತ್ತು ಮಗಳೇ" ಅಂದಿದ್ದಕ್ಕೆ ಮುಖ ಊದಿಸಿಕೊಂಡು ಎಷ್ಟೋ ದಿನ ಫೋನೇ ಮಾಡಲಿಲ್ಲ ನೀನು. ಅದಕ್ಕೇ ಈ ಸಲ ಕಾಗದ. ಇದರಲ್ಲಾದರೆ ನಡುವೆ ಬಾಯಿ ಹಾಕೋಕಾಗಲ್ಲ. ಮೊದಲು ಇಲ್ಲಿ ನಡೆದ ರಾಮಾಯಣ ಕೇಳು.

ನಿನ್ನ ಅತ್ತಿಗೆ ಅನುಶ್ರೀ ಏನು ಕೆಲಸ ಮಾಡುತ್ತಾಳೆ ಅಂತ ನಮಗ್ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ ಅಲ್ಲವೇ? ಯಾರಾದರೂ ಕೇಳಿದರೆ ಸ್ಪೋರ್ಟ್ಸ್ ಕಂಪನಿ ಅಂದು ಮಾತು ತೇಲಿಸುತ್ತಿದ್ದೆವು. ಈಗ ಗೊತ್ತಾಯಿತು. ಹದಿನೆಂಟು ವರ್ಷದ ಹುಡುಗ ಇವತ್ತೇನೋ ಫುಟ್‌ಬಾಲ್ ಚೆನ್ನಾಗಿ ಆಡುತ್ತಾನೆ. ನಾಳೆ ದೊಡ್ಡವರ ತಂಡದಲ್ಲಿ ನಿಲ್ಲುತ್ತಾನೋ ಇಲ್ಲವೋ ಅಂತ ಅಳೆದು ತೂಗಿ ಹೇಳುವುದು ಅವಳ ಕೆಲಸ. ಸೀಕಾಕಸ್‌ನಲ್ಲಿ ಆಫೀಸು. ಈ ತಿಂಗಳು ಐರ್ಲೆಂಡಿನಿಂದ ಎಂಟು ಹುಡುಗರನ್ನು ಕರೆಸಿದ್ದರು. ಅವರಲ್ಲಿ ಒಬ್ಬನನ್ನು ಮಾತ್ರ ಇಲ್ಲಿನ ಕ್ಲಬ್ಬು ಇಟ್ಟುಕೊಳ್ಳುತ್ತದೆ. ಮಿಕ್ಕವರು ಭಾನುವಾರ ಸಂಜೆ ನ್ಯೂವಾರ್ಕ್‌ನಲ್ಲಿ ವಿಮಾನ ಹತ್ತಿ ವಾಪಸ್. ಯಾರು ಉಳಿಯಬೇಕು ಅಂತ ಹೇಳಬೇಕಾದವಳು ನಮ್ಮ ಅನುಶ್ರೀ, ಅದಕ್ಕೆ ಹೂಂ ಅನ್ನಬೇಕಾದವಳು ಅವಳ ಬಾಸ್ ಮಾರ್ಗರೆಟ್. ಆಕೆಯೂ ಐರ್ಲೆಂಡಿನವಳೇ, ನನ್ನ ವಯಸ್ಸಿನವಳು, ನನ್ನಷ್ಟೇ ಬಾಯಿ.

ಶನಿವಾರ ಮನೆಯಲ್ಲಿ ಕೂತು ಏನು ಮಾಡಲಿ ಅಂತ ಥರ್ಮಾಸಿಗೆ ಕಾಫಿ, ಡಬ್ಬಿಗೆ ಕೋಡುಬಳೆ ತುಂಬಿಕೊಂಡು ನಾನೂ ಆಟ ನೋಡಲು ಹೊರಟೆ. ಮಡಿಸುವ ಕುರ್ಚಿ ಹಾಕಿ ಕೂರಿಸಿದಳು ಸೊಸೆ. ಮೊದಲು ಯಾರು ಯಾವ ಕಡೆ ಅಂತಲೇ ತಿಳಿಯಲಿಲ್ಲ. ಆಮೇಲೆ ನೋಡುತ್ತಾ ನೋಡುತ್ತಾ, ಅಯ್ಯೋ ಇದು ನಾನು ಮಾರ್ಕು ಹಾಕುತ್ತಿದ್ದ ಸಂಗೀತ ಪರೀಕ್ಷೆಯೇ ಅನ್ನಿಸಿಬಿಟ್ಟಿತು.

ಇಬ್ಬರ ಮೇಲೆ ಎಲ್ಲರ ಕಣ್ಣು. ಒಬ್ಬ ಶೇನ್ ಅಂತ, ಆರಡಿ ಮೇಲೆ ಇದ್ದಾನೆ, ಆಗಲೇ ಗಡ್ಡ. ಬಂದವರನ್ನೆಲ್ಲ ಭುಜದಲ್ಲೇ ತಳ್ಳಿ ಎರಡು ಗೋಲು ಹೊಡೆದ. ಇನ್ನೊಬ್ಬ ಲೋರ್ಕನ್. ಗಿಡ್ಡ, ಕಡ್ಡಿ ಕಾಲು, ಮುಖದ ತುಂಬಾ ಕಂದು ಚುಕ್ಕೆ. ಗೋಲು ಹೊಡೆಯಲಿಲ್ಲ. ಆದರೆ ಚೆಂಡು ತನ್ನ ಹತ್ತಿರ ಬರುವ ಮುಂಚೆ ಆ ಕಡೆ ಈ ಕಡೆ ಒಮ್ಮೆ ಕತ್ತು ತಿರುಗಿಸಿ ನೋಡಿಕೊಳ್ಳುತ್ತಿದ್ದ. ಎಲ್ಲಿಗೆ ಕೊಡಬೇಕು ಅಂತ ಮೊದಲೇ ಗೊತ್ತು, ತಾಳ ಎಲ್ಲಿ ಬಂದು ಕೂರುತ್ತೆ ಅಂತ ತಿಳಿದು ಹಾಡುವವರ ಹಾಗೆ. ಒಂದು ಸಲ ಚೆಂಡು ಕಳೆದುಕೊಂಡ. ಶೇನ್ ಆಗಿದ್ದರೆ ಕೈ ಚೆಲ್ಲಿ ಅಂಪೈರ್ ಮುಖ ನೋಡುತ್ತಿದ್ದ. (ಅಂಪೈರ್ ಅನ್ನಬಾರದಂತೆ, ರೆಫ್ರಿ ಅನ್ನಬೇಕಂತೆ.) ಇವನು ಮಾತಾಡದೆ ಓಡಿ ಹೋಗಿ ಕಿತ್ತುಕೊಂಡು ಬಂದ.

ಬಿಡುವಿನಲ್ಲಿ ಲೋರ್ಕನ್‌ಗೆ ಕೋಡುಬಳೆ ಕೊಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಕೇಳಿ ತಿಂದ. ಗಾಲ್ವೇ ಕಡೆಯವನಂತೆ, ಅಪ್ಪ ಅಮ್ಮ ಇಲ್ಲ, ಅಜ್ಜಿ ಸಾಕಿದ್ದು. ಇಂಗ್ಲೆಂಡಿನ ಕ್ಲಬ್ಬೊಂದು ಗಿಡ್ಡ ಅಂತ ಬೇಡ ಅಂದಿತಂತೆ. ಇಲ್ಲೂ ಆಗದಿದ್ದರೆ ಆಟ ಬಿಟ್ಟು ಮಾವನ ಮೀನಿನ ಲಾರಿ ಓಡಿಸುತ್ತೇನೆ, ಅಜ್ಜಿಗೆ ಮಾತು ಕೊಟ್ಟು ಬಂದಿದ್ದೇನೆ ಅಂದ. ನನಗೆ ಕರುಳು ಚುರುಕ್ ಅಂದಿತು. ಆದರೆ ಪರೀಕ್ಷಕಿ ಕರುಳು ಹಿಡಿದುಕೊಂಡು ಕೂರಬಾರದು ಅಂತ ಡಬ್ಬಿ ಮುಚ್ಚಿದೆ.

ವಾಪಸ್ ಬರುವಾಗ ಕಾರಿನಲ್ಲಿ ಅನುಶ್ರೀ ಕೇಳಿದಳು. ಅಂಕಿ ಅಂಶ ನೋಡಿದರೆ ಇಬ್ಬರೂ ಒಂದೇ ಥರ ಇದ್ದಾರೆ, ಅವಳ ಮನಸ್ಸು ಒಬ್ಬನ ಕಡೆ ವಾಲುತ್ತಿದೆ, ಆದರೆ ಧೈರ್ಯ ಸಾಲದು ಅಂತ. ನಾನೋ, ಅಷ್ಟು ವರ್ಷ ಜೂನಿಯರ್, ಸೀನಿಯರ್, ವಿದ್ವತ್ ಅಂತ ಮಕ್ಕಳನ್ನು ಕೂರಿಸಿಕೊಂಡು ಮಾರ್ಕು ಹಾಕಿದವಳು. ಅತ್ತೆ, ಹೂ ವುಡ್ ಯೂ ಪಿಕ್, ನೀವಾದರೆ ಯಾರನ್ನು ಆರಿಸುತ್ತೀರಿ ಅಂದಳು.

ನಮ್ಮ ಮನೆಯ ಪದ್ಧತಿ ನಿನಗೆ ಹೇಳಬೇಕೇ? ನಮ್ಮ ಗುರುಗಳಿಂದ ಬಂದದ್ದು. ಕೈಲಾಗದವನಿಗೆ ಭೇಷ್ ಅಂದು ಸಂತೋಷವಾಗಿ ಮನೆಗೆ ಕಳಿಸು. ಕೈಲಾಗುವವನಿಗೆ ಬೈದು ಕೂರಿಸಿಕೋ. ಹೊಗಳಿದರೆ ಹುಡುಗರು ಕೆಡುತ್ತಾರೆ, ಮೇಲೆ ದೃಷ್ಟಿ ಬೇರೆ. ಸ್ಟಿಯರಿಂಗ್ ಹಿಡಿದಿರುವವಳು ಈ ದೇಶದಲ್ಲೇ, ಎಡಿಸನ್‌ನಲ್ಲಿ ಹುಟ್ಟಿ ಬೆಳೆದವಳು, ಹೋಮ್‌ವರ್ಕಿಗೆಲ್ಲ ಗುಡ್ ಜಾಬ್ ಅನ್ನಿಸಿಕೊಂಡವಳು ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ ಕಣೇ. ಅಭ್ಯಾಸಬಲ. ಶೇನ್ ಒಳ್ಳೇ ಹುಡುಗ, ಭೇಷಾಗಿ ಆಡುತ್ತಾನೆ ಅಂದೆ. ಲೋರ್ಕನ್ನೋ? ಎಡಗಾಲು ಸೋಮಾರಿ, ಚೆಂಡು ಕೊಡುವಾಗ ಅವಸರ, ಇನ್ನೂ ಬಹಳ ಆಗಬೇಕು ಅಂದೆ. ಅವಳು ಸರಿ ಅತ್ತೆ ಅಂದು ರೇಡಿಯೋ ಹಾಕಿದಳು. ದಣಿದಿದ್ದಾಳೆ ಅಂದುಕೊಂಡೆ.

ಭಾನುವಾರ ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ಹೋದೆವು. ದರ್ಶನ ಮುಗಿಸಿ ಕ್ಯಾಂಟೀನಿನಲ್ಲಿ ಕೂತಾಗ ನಾನು, ಆ ಗಿಡ್ಡ ಹುಡುಗನಿಗೆ ವಿಷಯ ಹೇಳಿದಿರಾ, ಅಜ್ಜಿಗೆ ಫೋನ್ ಮಾಡಿದನಾ ಅಂತ ಕೇಳಿದೆ. ಅನುಶ್ರೀ ತಬ್ಬಿಬ್ಬಾದಳು. ನೀವೇ ಬೇಡ ಅಂದಿರಲ್ಲ ಅತ್ತೆ, ನಾನೂ ಅವನನ್ನೇ ಅಂದುಕೊಂಡಿದ್ದೆ, ನೀವು ಅಷ್ಟು ಬೈದ ಮೇಲೆ ನನಗೇ ಅನುಮಾನ ಬಂದು ರಾತ್ರಿ ಮಾರ್ಗರೆಟ್‌ಗೆ ಶೇನ್ ಹೆಸರು ಕಳಿಸಿದೆ ಅಂದಳು. ಏನೇನು ಬೈದರು ಅಂತ ನಿಮ್ಮಣ್ಣ ಗೌರವ್ ಕೇಳಿದ. ಹೇಳಿದಳು. ಅವನಿಗೆ ಪುಳಿಯೋಗರೆ ನೆತ್ತಿಗೇರಿತು. ಕೆಮ್ಮುತ್ತಾ ನಗುತ್ತಾ ಅಂದ: "ಅಮ್ಮ ಭೇಷ್ ಅಂದರೆ ಆ ಹುಡುಗನ ಕಥೆ ಮುಗೀತು ಅಂತ. ನನಗೆ ಏಳು ವರ್ಷ ಭೇಷ್ ಅಂದು ಇಂಜಿನಿಯರಿಂಗ್‌ಗೆ ಕಳಿಸಿದರು!"

ಪರದೇಶಕ್ಕೆ ಬಂದು ತಬ್ಬಲಿ ಹುಡುಗನ ಬಾಯಿಗೆ ಮಣ್ಣು ಹಾಕಿದೆನಲ್ಲ ಅಂತ ತಿಂಡಿ ಅಲ್ಲೇ ಬಿಟ್ಟು ಎದ್ದೆ. ಹುಡುಗರು ಕೊನೆಯ ಪ್ರಾಕ್ಟೀಸಿಗೆ ಮೈದಾನದಲ್ಲೇ ಇದ್ದಾರೆ, ಅದು ಮುಗಿದ ಮೇಲೆ ಹೆಸರು ಹೇಳುತ್ತಾರೆ ಅಂದಳು ಅನುಶ್ರೀ. ಮಾರ್ಗರೆಟ್ ಫೋನ್ ಎತ್ತುತ್ತಿಲ್ಲ. ಗೌರವ್ ಡ್ರೈವ್ ಮಾಡಿದ ರೀತಿಗೆ ನಾನು ದಾರಿಯುದ್ದಕ್ಕೂ ವೆಂಕಟೇಶನನ್ನು ಕರೆಯುತ್ತಲೇ ಇದ್ದೆ.

ಮೈಸೂರು ಸಿಲ್ಕ್ ಸೀರೆಯ ನೆರಿಗೆ ಎತ್ತಿ ಹಿಡಿದು, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಪ್ರಸಾದ, ಹುಲ್ಲಿನ ಮೇಲೆ ದಾಪುಗಾಲು ಹಾಕುತ್ತಾ ಹೋದೆ. ಮೊಣಕಾಲಿಗೆ ನೋವು ಮರೆತೇ ಹೋಗಿತ್ತು. ಪುಣ್ಯಕ್ಕೆ ಹೆಸರು ಇನ್ನೂ ಹೇಳಿರಲಿಲ್ಲ. ನನಗೆ ಬಂದ ಇಂಗ್ಲಿಷಿನಲ್ಲಿ ಮಾರ್ಗರೆಟ್‌ಗೆ ಎಲ್ಲ ಹೇಳಿದೆ. ಹುಚ್ಚು ಮುದುಕಿ ಅಂದುಕೊಳ್ಳುತ್ತಾಳೆ ಅಂತಿದ್ದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ತಂದೆ ಊರಿನಲ್ಲಿ ಪಿಟೀಲು ಕಲಿಸುತ್ತಿದ್ದರಂತೆ. ಜೀವಮಾನದಲ್ಲಿ ಒಬ್ಬ ಶಿಷ್ಯನಿಗೂ ಚೆನ್ನಾಗಿದೆ ಅನ್ನಲಿಲ್ಲವಂತೆ. ಬಹಳ ಮೆಚ್ಚಿದರೆ ಅಷ್ಟೇನೂ ಕೆಟ್ಟಿಲ್ಲ ಅನ್ನುತ್ತಿದ್ದರಂತೆ. ಎಲ್ಲಿಯ ಐರ್ಲೆಂಡ್, ಎಲ್ಲಿಯ ಮೈಸೂರು ನೋಡು!

ಆಮೇಲೆ ನಗು ನಿಲ್ಲಿಸಿ ಅನುಶ್ರೀ ಕಡೆ ತಿರುಗಿದಳು. ನಿಮ್ಮ ಅತ್ತೆಯ ಮಾತು ಕೇಳಿದ್ದಾಯಿತು, ಶನಿವಾರ ಅವರನ್ನು ಕೇಳುವ ಮುಂಚೆ ನಿನಗೆ ಏನನ್ನಿಸಿತ್ತು ಅಂದಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನನ್ನ ಸೊಸೆ ನೆಟ್ಟಗೆ ನಿಂತು ಹೇಳಿದಳು. ಶೇನ್ ಬೇಗ ಬೆಳೆದಿದ್ದಾನೆ, ಮೈಬಲದಲ್ಲಿ ಗೆಲ್ಲುತ್ತಾನೆ, ದೊಡ್ಡವರ ನಡುವೆ ಆ ಬಲ ಎಲ್ಲರಿಗೂ ಇರುತ್ತೆ. ಲೋರ್ಕನ್‌ಗೆ ಆ ಬಲ ಇಲ್ಲ, ಅದಕ್ಕೇ ಅವನು ಬುದ್ಧಿಯಿಂದ ಆಡುವುದನ್ನು ಕಲಿತಿದ್ದಾನೆ, ಅವನನ್ನೇ ಇಟ್ಟುಕೊಳ್ಳಿ. ನನಗೆ ಹೆಮ್ಮೆಯಾಯಿತು ಕಣೇ. ವಯಸ್ಸಿಗೆ ಬಂದು ಗಂಟಲು ಒಡೆಯುವ ಮುಂಚೆ ಎಲ್ಲ ಹುಡುಗರೂ ಗಂಧರ್ವರೇ ಅಂತ ನಾನು ಹೇಳುತ್ತಿದ್ದುದೂ ಇದೇ ತಾನೇ? ಅವಳು ಅದನ್ನು ಅವಳ ದಾರಿಯಲ್ಲಿ ಕಂಡುಕೊಂಡಿದ್ದಾಳೆ.

ಮಾರ್ಗರೆಟ್ ಹೂಂ ಅಂದು ಹುಡುಗರ ಮುಂದೆ ಹೆಸರು ಕೂಗಿದಳು. ತನ್ನ ಹೆಸರು ಕೇಳಿದ ತಕ್ಷಣ ಲೋರ್ಕನ್ ಹುಲ್ಲಿನ ಮೇಲೆ ಕುಸಿದು ಕೂತ. ಶೇನ್ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಕುಣಿದ. ಒಳ್ಳೇ ಹುಡುಗ ಅಂತ ನಾನು ಅಂದಿದ್ದು ಸುಳ್ಳಲ್ಲ. ಅವನು ಊರಿನಲ್ಲಿ ಕಾಲೇಜು ಸೇರುತ್ತಾನಂತೆ. ಲೋರ್ಕನ್ ಅಜ್ಜಿಗೆ ಫೋನ್ ಮಾಡಿದ. ಆಕೆ ಆ ಕಡೆಯಿಂದ ಅತ್ತಿದ್ದು ನಮಗೆಲ್ಲ ಕೇಳಿಸಿತು, ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಆಮೇಲೆ ಲೋರ್ಕನ್ ನನ್ನ ಮುಂದೆ ಬಂದು ನಿಂತ. ಎಡಗಾಲು ಸೋಮಾರಿ, ದಿನಾ ಸಾಧನೆ ಮಾಡು ಅಂದೆ. ಪಾಪ ಮುಖ ಸಪ್ಪಗಾಯಿತು. ಅನುಶ್ರೀ ಅವನ ಬೆನ್ನು ತಟ್ಟಿ, ಇದಕ್ಕಿಂತ ದೊಡ್ಡ ಮೆಡಲ್ ನಮ್ಮ ಮನೆಯಲ್ಲಿ ಇಲ್ಲ ಅಂತ ಅವನಿಗೆ ಬಿಡಿಸಿ ಹೇಳಿದಳು. ಅವನು ಕಾರಿನಲ್ಲೇ ಉಳಿದಿದ್ದ ಕೋಡುಬಳೆ ಡಬ್ಬಿಯನ್ನೇ ಎತ್ತಿಕೊಂಡು ಹೋದ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಶುಂಠಿ ಕಷಾಯ ಮರೆಯಬೇಡ.

ಇತಿ,
ನಿನ್ನ ಬೈಯುವ ಅಮ್ಮ,
ನಿರುಪಮಾ

ತಾ. ಕ.: ಕಲ್ಯಾಣಿ ಕೇಳಿದೆ. ಮನೆಯವರೆಲ್ಲ ಹೊರಗೆ ಹೋದ ಮೇಲೆ ಮತ್ತೆ ಕೇಳಿದೆ. ಆಲಾಪನೆಯಲ್ಲಿ ಮೇಲಕ್ಕೆ ಹೋಗಲು ಏನು ಆತುರ ನಿನಗೆ? ನಿಷಾದದ ಮೇಲೆ ಇನ್ನೊಂದು ಗಳಿಗೆ ನಿಂತಿದ್ದರೆ ಯಾರಾದರೂ ಓಡಿಸುತ್ತಿದ್ದರೇ? ಚರಣದಲ್ಲಿ ಉಸಿರು ಕದ್ದಿದ್ದೀಯ, ನನಗೆ ಕೇಳಿಸಲ್ಲ ಅಂದುಕೊಂಡೆಯಾ? ದಸರೆಗೆ ಒಪ್ಪಿಕೊಂಡೆ ಅಂತ ಇವತ್ತೇ ಅವರಿಗೆ ಹೇಳು, ಅಷ್ಟರೊಳಗೆ ಊರಿಗೆ ಬಂದು ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಇನ್ನೂ ಆಗಬೇಕು ವಿಭಾ. ಇನ್ನೂ ಬಹಳ ಆಗಬೇಕು.