ಹಂಪಕ್ಕನ ಮುಚ್ಚಳದ ಲೋಟ

ರಾಯದುರ್ಗ
12 ಆಗಸ್ಟ್ 2003

ಪ್ರೀತಿಯ ತಂಗಿ ಸೌಮ್ಯಾ,

ಈ ಕಾಗದ ಬಂದಾಗ ಮಷಿನ್ ಮುಂದೆ ಕೂತಿದ್ದರೆ ಮೊದಲು ಪೆಡಲಿನಿಂದ ಕಾಲು ತೆಗೆ, ಆಮೇಲೆ ಓದು. ಅಮರಾಪುರದಲ್ಲಿ ಎಲ್ಲರೂ ಕ್ಷೇಮವೇ? ನಿಮ್ಮ ಮಾವನವರ ಕಂಬಳಿ ಮಗ್ಗ ಇನ್ನೂ ನಡೆಯುತ್ತಿದೆಯೇ?

ಸ್ಕೂಲ್ ಪ್ಯಾಂಟಿಗೆ ಜಿಪ್ ಹೊಲಿದರೆ ಸುಕ್ಕು ಬರುತ್ತದೆ, ಏನು ಮಾಡಲಿ ಎಂದು ನೀನು ಕೇಳಿದ್ದೆ. ಉತ್ತರ ಬರೆಯದಿದ್ದದ್ದು ಪೊಗರಿನಿಂದಲ್ಲ, ನನಗೂ ಗೊತ್ತಿರಲಿಲ್ಲ. ಕಾಂಟ್ರಾಕ್ಟರ್ ಹುಲುಗಪ್ಪ ನಾನು ಹೊಲಿದ ಜೀನ್ಸ್ ಪ್ಯಾಂಟುಗಳನ್ನು ವಾಪಸ್ ತಂದು ಎಸೆದ. "ಇದೇನವ್ವ ಜಿಪ್ಪು, ಹಾವು ಹರಿದಂಗ ಐತಿ! ಇನ್ನೊಂದು ಸಲ ಹಿಂಗ ಮಾಡಿದ್ರ ಮಾಲು ಕೊಡಂಗಿಲ್ಲ ನೋಡು" ಎಂದ. ಕೆಲಸದ ಮಾತು ಕನ್ನಡದಲ್ಲಿ ಮುಗಿಸಿ ಬೈಗುಳಕ್ಕೆ ತೆಲುಗಿಗೆ ಹೋದ. ಅದನ್ನು ಬರೆಯುವುದಿಲ್ಲ.

ಎದುರುಮನೆ ಹಂಪಕ್ಕನ ಜಿಪ್ ಮಾತ್ರ ಗೀಟು ಎಳೆದಂತಿರುತ್ತದೆ. ನಮ್ಮ ಓಣಿಯಲ್ಲಿ ಮನೆಗೊಂದು ಮಷಿನ್. ಸಾರು ಕೊಟ್ಟು ತರುತ್ತೇವೆ, ಒಬ್ಬರ ಮಗುವನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತೇವೆ, ಕೈಕೆಲಸದ ಗುಟ್ಟು ಮಾತ್ರ ಯಾರೂ ಬಿಟ್ಟುಕೊಡುವುದಿಲ್ಲ. ಹಂಪಕ್ಕ ಜಿಪ್ ಇಡುವಾಗ ಬಾಗಿಲನ್ನೇ ಹಾಕುತ್ತಾಳೆ. ಒಳಗಿಂದ ಹುರಿದ ಹುಣಸೆ ಬೀಜದ ವಾಸನೆ! ಪ್ಯಾಂಟಿಗೂ ಹುಣಸೆ ಬೀಜಕ್ಕೂ ಏನು ಸಂಬಂಧ, ಹೇಳು? ಬತ್ತಿ ಕೇಳುವ ನೆಪದಲ್ಲಿ ಹೋದೆ, ಸೂಜಿ ಕೇಳುವ ನೆಪದಲ್ಲಿ ಹೋದೆ. "ಯಾಕವ್ವ, ನಿಮ್ಮ ಮನ್ಯಾಗ ಒಂದೂ ಸಾಮಾನು ಇಲ್ಲೇನು?" ಎಂದು ಹೊಸ್ತಿಲಿನಿಂದಲೇ ಕಳಿಸಿದಳು.

ಕಳೆದ ವಾರ ಅವಳ ಮಗಳು ನಾಗವೇಣಿಗೆ ಹೆರಿಗೆಯಾಯಿತು. ಹಂಪಕ್ಕನ ಮನೆಯಲ್ಲಿ ಕತ್ತರಿಸಿದ ಮಾಲು ಹೊಲಿಯದೆ ಹಾಗೇ ಬಿದ್ದಿತ್ತು. ನಮ್ಮ ತವರು ರೊಳ್ಳದ ಕಡೆ ಕಡಲೆಕಾಯಿ ಕೀಳಲು ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂದು ಮುಯ್ಯಿಗೆ ಹೋಗುತ್ತೇವಲ್ಲ, ಹಾಗೇ ಬಂದಿದ್ದೇನೆ ಎಂದು ಹೋಗಿ ಕೂತೆ. ಜಿಪ್ ಬಿಟ್ಟು ಮಿಕ್ಕಿದ್ದೆಲ್ಲ ಹೊಲಿದುಕೊಟ್ಟೆ.

ಮೊನ್ನೆ ಮುಯ್ಯಿ ತೀರಿಸಲು ಅವಳೇ ನಮ್ಮ ಮನೆಗೆ ಬಂದಳು. ಸೆರಗಿನ ಮರೆಯಲ್ಲಿ ಮುಚ್ಚಳದ ಲೋಟ. ನಮ್ಮ ಮನೆಯ ಬಾಗಿಲನ್ನು ತಾನೇ ಹಾಕಿದಳು! ಲೋಟದಲ್ಲಿ ಗಂಜಿಯಂಥ ಅಂಟು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿದ್ದು. ಜಿಪ್ಪಿನ ಪಟ್ಟಿಗೆ ಬೆರಳಿನಿಂದ ಸವರಿ, ಬಟ್ಟೆಗೆ ಅಂಟಿಸಿ, ಒಣಗಲು ಬಿಟ್ಟಳು. ಆಮೇಲೆ ಹೊಲಿದರೆ ಜಿಪ್ ಅಲುಗಲೇ ಇಲ್ಲ. ಜೀನ್ಸ್ ಒಗೆತಕ್ಕೆ ಹೋದಾಗ ಅಂಟು ತಾನೇ ಬಿಡುತ್ತದೆ. ಅವಳಪ್ಪನೂ ಕಂಬಳಿ ನೇಯುತ್ತಿದ್ದನಂತೆ, ನೂಲಿಗೆ ಇದನ್ನೇ ಹಚ್ಚುತ್ತಿದ್ದನಂತೆ.

ಇಷ್ಟಕ್ಕೇ ಬಾಗಿಲು ಹಾಕುತ್ತಿದ್ದೆಯಾ ಎಂದು ಕೇಳಿದೆ. "ಮತ್ತೇನು? ಗೊತ್ತಾಗಿದ್ರ, ಹಂಪಕ್ಕ ಜೀನ್ಸಿಗೆ ಅಂಬಲಿ ಬಳೀತಾಳ ಅಂತ ಆ ಹುಲುಗಪ್ಪ ಊರೆಲ್ಲ ಸಾರತಿದ್ದ" ಎಂದಳು. ಇದನ್ನು ನಿನಗೆ ಬರೆಯಲೇ ಎಂದು ನಾನು ಕೇಳಿದಾಗ, "ತಂಗಿಗೆ ಬರಿ, ಓಣಿಗೆ ಹೇಳಬ್ಯಾಡ" ಎಂದಳು.

ಇವತ್ತು ಹುಲುಗಪ್ಪ ಬಂದ. ಜಿಪ್ ಎಳೆದ, ಬಿಟ್ಟ, ಮತ್ತೆ ಎಳೆದ. ತೆಲುಗಿಗೆ ಹೋಗಲಿಲ್ಲ. ಇನ್ನೊಂದು ಕಟ್ಟು ಇಳಿಸಿ ಹೋದ.

ನೀನೂ ಮಾಡಿ ನೋಡು. ತೆಳ್ಳಗೆ ಸವರು, ದಪ್ಪವಾದರೆ ಸೂಜಿಗೆ ಹತ್ತುತ್ತದೆ. ಹೊಲಿದ ಮೇಲೆ ನೀರಿನಲ್ಲಿ ಅದ್ದಿ ತೆಗೆ.

ನಿನ್ನ ಅಕ್ಕ
ಈಶ್ವರಮ್ಮ

ಮತ್ತೆ: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಹಂಪಕ್ಕ ಮುಚ್ಚಳ ತೆಗೆದದ್ದು ಬರೀ ಮುಯ್ಯಿಗಲ್ಲ. ಅವಳ ಅಂಟು ಮಾರನೆಯ ದಿನವೇ ಬೂಸಲು ಹಿಡಿಯುತ್ತದೆ. ಹಾಗಾಗದಂತೆ ಅವಳಪ್ಪ ಏನನ್ನೋ ಬೆರೆಸುತ್ತಿದ್ದ, ಏನೆಂದು ಹೇಳದೆಯೇ ತೀರಿಕೊಂಡ. ಅದನ್ನು ನನ್ನ ತಂಗಿಯ ಮಾವ ಮೂಡಲಗಿರಿಯಪ್ಪನವರು ಹೇಳಿಕೊಡುತ್ತಾರೆ ಎಂದು ನಾನು ಮಾತು ಕೊಟ್ಟುಬಿಟ್ಟೆ. ಅವರು ಅಂಟು ಕುದಿಸುವಾಗ ನಿನ್ನನ್ನೂ ಹೊರಗೆ ಕಳಿಸಿ ಬಾಗಿಲು ಹಾಕುತ್ತಾರೆಂದು ನೀನೇ ಹೇಳಿದ್ದೆಯಲ್ಲ, ಅದು ಆಮೇಲೆ ನೆನಪಾಯಿತು. ಏನಾದರೂ ಮಾಡು, ತಾಯಿ. ನಾಳೆಯೇ ಅವರ ಮಗ್ಗಕ್ಕೆ ಮುಯ್ಯಿಗೆ ಹೋಗಿ ಕೂತುಕೋ.