ನಾಲ್ಕು ಮಂದಿಗೆ ಕೆಲಸ ಕೊಟ್ಟ ಒಂದೇ ಕುರ್ಚಿ

ಮಾನ್ಯ ಕುಲಪತಿಗಳೇ,

ನಿಮ್ಮ ವಿಶ್ವವಿದ್ಯಾಲಯ ನನ್ನ ಮಗಳಿಗೆ ಕೊಟ್ಟ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟಿದೆ. ಅದೇ ನನ್ನ ದೂರು. ಓದು ಮುಗಿಯುವ ಮೊದಲೇ ಕೆಲಸ ಸಿಗುತ್ತದೆ ಎಂದಿರಿ, ಸಿಕ್ಕಿತು. ಬಂದರಿನಲ್ಲಿ ನಮ್ಮ ಪದವೀಧರರಿಗೆ ಬೇಡಿಕೆ ಇಳಿಯುವುದೇ ಇಲ್ಲ ಎಂದಿರಿ, ಇಳಿಯಲಿಲ್ಲ. ಯಾಕೆ ಇಳಿಯುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ನಿಮಗೆ ಗೊತ್ತಿರಲಿಲ್ಲವೇ? ಅಥವಾ ಗೊತ್ತಿದ್ದೂ ಸುಮ್ಮನಿದ್ದಿರಾ? ಈ ಎರಡರಲ್ಲಿ ಯಾವುದು ನಿಮ್ಮ ಹುದ್ದೆಗೆ ಹೆಚ್ಚು ಶೋಭೆ ತರುತ್ತದೆ ಎಂದು ನಾನು ತೀರ್ಮಾನಿಸಲಾರೆ. ಈ ಹಿಂದೆ ನಿಮಗೆ ಅಂಚೆಯಲ್ಲಿ ಹಾಕಿದ ಪತ್ರಗಳಿಗೆ ಉತ್ತರವಾಗಿ ಬಂದದ್ದು ನಿಮ್ಮ ಸಹಿಯ ಅಚ್ಚಿರುವ ಕ್ರಿಸ್‌ಮಸ್ ಶುಭಾಶಯದ ಕಾರ್ಡು. ಆದ್ದರಿಂದ ಈ ಸಲ ಪತ್ರಿಕೆಗೆ ಕೊಟ್ಟಿದ್ದೇನೆ. ಕಂಪನಿಯ ಹೆಸರು ಬರೆಯಬಾರದು ಎಂಬುದು ಸಂಪಾದಕರ ಷರತ್ತು. ಅವರಿಗೂ ಮಕ್ಕಳಿದ್ದಾರೆ, ನಾನು ಒಪ್ಪಿದೆ.

ನಾನು ನಮ್ಮ ಈಕ್ವೆಡಾರಿನ ಬಂದರು ಊರು ಪುಯೆರ್ತೊ ಅಲ್ಮೇಹಾದ ಸರ್ಕಾರಿ ಪ್ರೌಢಶಾಲೆಯಲ್ಲಿ ಭಾಷೆ ಕಲಿಸುವವಳು. ನಿಮಗೆ ನಮ್ಮ ಶಾಲೆ ನೆನಪಿರಬಹುದು. ಪ್ರವೇಶದ ತಿಂಗಳಲ್ಲಿ ನೀವೇ ಖುದ್ದಾಗಿ ಬಂದು, ಫ್ಯಾನು ತಿರುಗದ ನಮ್ಮ ಸಭಾಂಗಣದಲ್ಲಿ ಕೋಟು ಬಿಚ್ಚದೆ ಒಂದು ಗಂಟೆ ಮಾತಾಡಿದಿರಿ. ನೂರಕ್ಕೆ ತೊಂಬತ್ತೆಂಟು ಮಂದಿಗೆ ಉದ್ಯೋಗ ಎಂದು ಹಿಂದಿನ ಪರದೆಯ ಮೇಲೆ ಬರೆದಿತ್ತು. "ಮಕ್ಕಳೇ, ಕವಿತೆ ಓದಬೇಡಿ ಅಂತ ನಾನು ಹೇಳಲ್ಲ. ಭಾನುವಾರ ಓದಿ. ಸೋಮವಾರದಿಂದ ಶನಿವಾರದವರೆಗೆ ಹೊಟ್ಟೆ ತುಂಬಿಸೋದನ್ನ ಓದಿ" ಎಂದಿರಿ. ಸಭೆ ಗೊಳ್ಳೆಂದು ನಕ್ಕಿತು. ಕವಿತೆ ಕಲಿಸುವ ನಾನೂ ನಕ್ಕೆ. ಬುದ್ಧಿವಂತಿಕೆಯ ಮಾತಾಗಿತ್ತು.

ಮೂರನೆಯ ಸಾಲಿನಲ್ಲಿ ನನ್ನ ಮಗಳು ಯಾದಿರಾ ಕೂತಿದ್ದಳು. ಅವಳಿಗೆ ಚಿತ್ರಕಲೆಯೋ ಸಂಗೀತವೋ ಇಷ್ಟವಿತ್ತು, ತಾಯಿ ಒತ್ತಾಯ ಮಾಡಿ ವ್ಯಾಪಾರಕ್ಕೆ ಸೇರಿಸಿದಳು ಎಂದು ಓದುಗರು ಊಹಿಸುತ್ತಿದ್ದರೆ ದಯವಿಟ್ಟು ಆ ಊಹೆ ಬಿಡಿ. ವ್ಯಾಪಾರವೇ ಅವಳಿಗೆ ಇಷ್ಟ. ಅವಳಪ್ಪ ಬಂದರಿನಲ್ಲಿ ಬಾಳೆಯ ಪೆಟ್ಟಿಗೆ ಹೊರುತ್ತಿದ್ದ. ಅವನು ತೀರಿಕೊಳ್ಳುವವರೆಗೂ ಸಂಜೆ ಮನೆಗೆ ಬಂದ ಕೂಡಲೇ ಇವಳದೊಂದೇ ಪ್ರಶ್ನೆ, ಇವತ್ತಿನದು ಯಾವ ಊರಿಗೆ ಹೋಯಿತು ಅಂತ. ನಿಮ್ಮ ಭಾಷಣ ಕೇಳಿ ಬಂದ ದಿನ ಊಟಕ್ಕೆ ಕೂತಾಗ ನಾನು ಕೇಳಿದೆ:

"ಲೆಕ್ಕಪತ್ರದ ಪದವಿ ಇದೆಯಲ್ಲೇ, ಅದು ಓದಬಾರದಾ? ಎಲ್ಲಿ ಬೇಕಾದ್ರೂ ಕೆಲಸ ಸಿಗುತ್ತೆ."

"ಅದ್ರಲ್ಲಿ ಆಗಿಹೋಗಿದ್ದನ್ನೇ ಜೀವನಪೂರ್ತಿ ಬರೀತಾ ಕೂರಬೇಕಮ್ಮ. ಜಾಹೀರಾತು ಓದಿದ್ರೆ ಇಲ್ಲದ್ದನ್ನ ಬರೀಬೇಕು. ಈ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಮಾತ್ರ ಒಂದು ಸಾಮಾನು ನಿಜವಾಗ್ಲೂ ಇಲ್ಲಿಂದ ಹೊರಟು ಇನ್ನೆಲ್ಲೋ ಹೋಗಿ ಮುಟ್ಟುತ್ತೆ."

"ಸಾಮಾನು ಹೋಗುತ್ತೆ ಸರಿ. ನೀನೂ ಹೋಗಿಬಿಡ್ತೀಯಾ?"

"ನಾನ್ಯಾಕೆ ಹೋಗ್ಲಿ? ಇಲ್ಲೇ ಬಂದರಲ್ಲಿ ಇರ್ತೀನಿ. ಮಧ್ಯಾಹ್ನ ಊಟಕ್ಕೂ ಮನೆಗೇ ಬರ್ತೀನಿ. ನೀನು ಮೀನು ಸುಟ್ಟು ಸೀಯಿಸಿದ್ರೂ ತಿಂತೀನಿ, ಆಯ್ತಾ?"

ನಿಮ್ಮ ಅಧ್ಯಾಪಕರು ಚೆನ್ನಾಗಿ ಕಲಿಸಿದರು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಕೊನೆಯ ಪರೀಕ್ಷೆಗೆ ಮೊದಲೇ ನಿಮ್ಮ ಉದ್ಯೋಗ ಕೇಂದ್ರದವರು ಅವಳನ್ನು ಬಾಳೆ ರಫ್ತಿನ ಒಂದು ಕಂಪನಿಗೆ ಕಳಿಸಿದರು. ಕೆಲಸ ಇಷ್ಟೆ: ಬಾಳೆ ತುಂಬಿದ ಕಂಟೇನರಿನ ಬಾಗಿಲು ಮುಚ್ಚಿದ ಮೇಲೆ ಅದಕ್ಕೆ ಮೊಹರು ಹಾಕಿಸಬೇಕು, ಒಳಗೆ ಬಾಳೆಯ ಹೊರತು ಬೇರೇನೂ ಇಲ್ಲ ಎಂದು ಸಹಿ ಮಾಡಬೇಕು. ಒಬ್ಬಳದೇ ಸಹಿ. ನಮ್ಮ ಬಾಳೆಯ ಜೊತೆ ಯುರೋಪಿಗೆ ಮತ್ತೇನು ಹೋಗುತ್ತದೆ ಎಂಬುದು ಈ ದೇಶದಲ್ಲಿ ತೊದಲುವ ಮಕ್ಕಳಿಗೂ ಗೊತ್ತು. ಬಿಳಿ ಪುಡಿಯ ಪೊಟ್ಟಣ ಒಳಗೆ ಸೇರಬೇಕಾದರೆ ಯಾರೋ ಒಬ್ಬರು ಕಣ್ಣು ಮುಚ್ಚಿಕೊಳ್ಳಬೇಕು. ಆ ಒಬ್ಬರ ಜಾಗಕ್ಕೆ ನೀವು ಇಪ್ಪತ್ತೆರಡು ವರ್ಷದ ಹುಡುಗಿಯನ್ನು ಕೂರಿಸಿದಿರಿ. ನಾಯಕತ್ವದ ಗುಣ ಎಂಬ ವಿಷಯದಲ್ಲಿ ಅವಳಿಗೆ ಅತ್ಯುತ್ತಮ ದರ್ಜೆ ಬಂದಿತ್ತು ನೋಡಿ, ಅದಕ್ಕಿರಬೇಕು.

ಒಂದು ಶನಿವಾರ ನಾವಿಬ್ಬರೂ ಪೇಟೆಯಲ್ಲಿ ಏಡಿ ಆರಿಸುತ್ತಿದ್ದೆವು. ಯಾದಿರಾ ಕಂಪನಿಯ ಅಂಗಿಯಲ್ಲೇ ಇದ್ದಳು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ಆ ಅಂಗಿಯನ್ನೇ ನೋಡುತ್ತಿದ್ದಳು.

"ಮಗಾ, ಮೊಹರಿನ ಕೆಲಸಾನಾ ನಿಂದು?"

"ಹೌದಮ್ಮ. ಯಾಕೆ?"

"ಕಿಟಕಿ ಹತ್ರದ ಕುರ್ಚಿ ತಾನೆ? ನನ್ನ ಮಗ ವಿಲ್ಮೆರ್ ಅಲ್ಲೇ ಕೂರ್ತಿದ್ದ. ನಿನ್ನ ಹಾಗೇ ಓದಿದವನು, ಅದೇ ವಿಶ್ವವಿದ್ಯಾಲಯ."

"ಈಗ ಎಲ್ಲಿದ್ದಾರೆ?"

"ಜೈಲಲ್ಲಿ. ಈ ಏಡಿ ಅವನಿಗೇ. ಒಳಗೆ ಬಿಡ್ತಾರೋ ಇಲ್ವೋ, ಮಾಡ್ಕೊಂಡಂತೂ ಹೋಗ್ತೀನಿ."

ಆಕೆಯ ಹೆಸರು ಉಂಬೆಲಿನಾ. ಏಡಿಯ ಬುಟ್ಟಿ ಕಾಲ ಬಳಿ ಇಟ್ಟುಕೊಂಡು, ದನಿ ತಗ್ಗಿಸಿ, ಎಲ್ಲವನ್ನೂ ಹೇಳಿದಳು. ಆ ಕುರ್ಚಿಯಲ್ಲಿ ಮೊದಲು ಕೂತ ಹುಡುಗನಿಗೆ ಬೆದರಿಕೆ ಬಂದದ್ದೇ ತಡ, ಹೇಳದೆ ಕೇಳದೆ ಚಿಲಿಗೆ ಓಡಿಹೋದ. ಎರಡನೆಯವನು ಆಗಲ್ಲ ಎಂದ, ಅವನನ್ನು ಅವನ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಮೂರನೆಯವನು ವಿಲ್ಮೆರ್. ಅವನು ಎರಡನೆಯವನ ಸಾವು ಕಂಡಿದ್ದನಲ್ಲ, ಹೂಂ ಎಂದು ಸಹಿ ಹಾಕಿದ. ಆ ಕಂಟೇನರು ಯುರೋಪಿನಲ್ಲಿ ಸಿಕ್ಕಿಬಿತ್ತು. ಕಂಪನಿ ಸಹಿಯನ್ನು ತೋರಿಸಿ ಕೈ ತೊಳೆದುಕೊಂಡಿತು. ಮೂವರೂ ನಿಮ್ಮ ಪದವೀಧರರು, ಮೂವರನ್ನೂ ಕಳಿಸಿದ್ದು ನಿಮ್ಮದೇ ಉದ್ಯೋಗ ಕೇಂದ್ರ. ನನ್ನ ಮಗಳು ನಾಲ್ಕನೆಯವಳು. ಕುಲಪತಿಗಳೇ, ಒಂದು ಕುರ್ಚಿ ಇಷ್ಟು ಬೇಗ ಬೇಗ ಖಾಲಿಯಾದರೆ ಅದು ನಿಮ್ಮ ಪರದೆಯ ಮೇಲೆ ನಾಲ್ಕು ಉದ್ಯೋಗವಾಗಿ ಕಾಣುತ್ತದೆ. ತೊಂಬತ್ತೆಂಟಕ್ಕೆ ನೀವು ಹತ್ತಿದ್ದು ಈ ಏಣಿಯಿಂದಲೋ?

"ಬಿಟ್ಟುಬಿಡು" ಎಂದೆ ದಾರಿಯಲ್ಲಿ.

"ಬಿಟ್ಟು? ಈ ಊರಲ್ಲಿರೋ ಕಂಪನಿಗಳೆಲ್ಲಾ ಅದೇ ಬಂದರಿಂದ ಅದೇ ಬಾಳೆ ಕಳಿಸ್ತವೆ ಅಮ್ಮ. ಮೊದ್ಲು ವಿಶ್ವವಿದ್ಯಾಲಯದಲ್ಲಿ ಕೇಳ್ತೀನಿ. ಕಳಿಸಿದವರು ಅವರು ತಾನೆ?"

ಆದರೆ ಅವಳು ಕೇಳಲು ಹೋಗುವ ಮೊದಲೇ ಆ ಪೊಟ್ಟಣಗಳ ಕಡೆಯವರು ಬಂದರು. ಬಂದರಿನ ಗೇಟಿನೆದುರು ಬಾಳೆಕಾಯಿ ಉಂಡೆ ಮಾರುವ ಅಂಗಡಿಯಲ್ಲಿ ಯಾದಿರಾ ತಿಂಡಿ ತಿನ್ನುತ್ತಿದ್ದಾಗ ಇಸ್ತ್ರಿ ಅಂಗಿಯವನೊಬ್ಬ ಎದುರು ಕೂತು ಕಾಫಿ ತರಿಸಿಕೊಂಡ. ನಮ್ಮಲ್ಲಿ ವ್ಯಾಪಾರ ಓದಿದವರನ್ನೂ ಮರ್ಯಾದೆಗೆ ಇಂಜಿನಿಯರ್ ಎನ್ನುತ್ತಾರಲ್ಲ, ಅವನೂ ಹಾಗೇ ಕರೆದನಂತೆ.

"ಇಂಜಿನಿಯರಮ್ಮಾ, ನಿಮ್ಮಿಂದ ನಾವೇನೂ ಮಾಡಿಸಲ್ಲ. ಗುರುವಾರ ಊಟಕ್ಕೆ ಹೋಗ್ತೀರಲ್ಲ, ಸ್ವಲ್ಪ ನಿಧಾನವಾಗಿ ಊಟ ಮಾಡಿ. ಅಷ್ಟೇ. ಅಮ್ಮ ಮೀನು ಚೆನ್ನಾಗಿ ಮಾಡ್ತಾರಂತೆ, ಟೀಚರು."

ನಾನು ಮೀನು ಹೇಗೆ ಮಾಡುತ್ತೇನೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಪಾಪ. ನಾನು ಯಾರು ಎಂಬುದು ಗೊತ್ತಿತ್ತು.

ಬುಧವಾರ ಯಾದಿರಾ ನಿಮ್ಮ ಉದ್ಯೋಗ ಕೇಂದ್ರಕ್ಕೆ ಹೋದಳು. ನಾನೂ ಜೊತೆಗಿದ್ದೆ, ಆದ್ದರಿಂದ ಇದನ್ನು ಕೇಳಿದ್ದಲ್ಲ, ಕಂಡದ್ದು. ಅಲ್ಲಿನ ಅಧಿಕಾರಿ ಬಾಗಿಲು ಹಾಕಿ, ಪೂರ್ತಿ ಕೇಳಿಸಿಕೊಂಡು, ನಿಟ್ಟುಸಿರು ಬಿಟ್ಟರು. ಕೆಟ್ಟವರಲ್ಲ.

"ನೋಡು ಯಾದಿರಾ, ಆರು ತಿಂಗಳೊಳಗೆ ಬಿಟ್ಟರೆ ಕಂಪನಿ ಜೊತೆಗಿನ ನಮ್ಮ ಒಪ್ಪಂದಕ್ಕೆ ತೊಂದರೆ. ನಿನ್ನ ಹಿಂದೆ ಬರೋ ಮಕ್ಕಳದ್ದೂ ಯೋಚನೆ ಮಾಡಬೇಕಲ್ಲ. ಹೇಗಾದರೂ ತುಂಬಿಸು."

"ಮೇಡಂ, ನನ್ನ ಹಿಂದೆ ಬರೋರದ್ದು ಬಿಡಿ, ನನ್ನ ಮುಂದೆ ಹೋದೋರು ಏನಾದ್ರು ಅಂತ ನಿಮಗೆ ಗೊತ್ತಿತ್ತಾ?"

ಅವರು ಮೇಜಿನ ಮೇಲಿದ್ದ ಪೆನ್ನನ್ನು ನೇರ ಮಾಡಿಟ್ಟರು. "ಕೆಲಸದ ಒತ್ತಡ ನಿಭಾಯಿಸೋದರ ಬಗ್ಗೆ ಶನಿವಾರ ಒಂದು ಕಾರ್ಯಾಗಾರ ಇದೆ. ಹೆಸರು ಬರೆಸಲಾ?" ಎಂದರು.

ಗುರುವಾರ ಮಧ್ಯಾಹ್ನ ಯಾದಿರಾ ಊಟಕ್ಕೆ ಬರಲಿಲ್ಲ. ಅವಳ ಪಾಲಿಗೆ ಚಿಲಿ, ಸಾವು, ಜೈಲು ಎಂಬ ಮೂರು ದಾರಿಗಳನ್ನು ಹಿಂದಿನವರು ತೋರಿಸಿಕೊಟ್ಟಿದ್ದರು. ಅವಳು ಮೂರನ್ನೂ ಬಿಟ್ಟು, ನಿಮ್ಮ ಪಠ್ಯಪುಸ್ತಕದಲ್ಲಿ ಬರೆದಿದ್ದನ್ನು ಮಾಡಿದಳು. ಅನುಮಾನ ಬಂದರೆ ಕಂಟೇನರಿನ ಬಾಗಿಲು ತೆಗೆಸಿ ನೋಡಬೇಕು ಎಂದು ನೀವೇ ಕಲಿಸಿದ್ದಿರಿ. ತೆಗೆಸಿದಳು. ಪೊಲೀಸರ ನಾಯಿ ಬಂತು. ಬಾಳೆಯ ಪೆಟ್ಟಿಗೆಗಳ ಅಡಿಯಿಂದ ಪೊಟ್ಟಣಗಳನ್ನು ಸಂಜೆಯವರೆಗೂ ಹೊರತೆಗೆದರಂತೆ. ಮ್ಯಾನೇಜರು ಬೂದಿ ಬಳಿದಂಥ ಮುಖದಲ್ಲಿ ಬಂದು, "ಒಳ್ಳೆ ಕೆಲಸ ಮಾಡಿದೆಯಮ್ಮ. ನಾಳೆಯಿಂದ ರಜೆ ತಗೋ" ಎಂದರು. ಎಷ್ಟು ದಿನ ಎಂದು ಕೇಳುವಷ್ಟರಲ್ಲಿ ಬೆನ್ನು ತಿರುಗಿಸಿ ಹೊರಟಿದ್ದರು.

ರಾಜೀನಾಮೆ ಕೊಟ್ಟು ಬರುತ್ತೇನೆಂದು ಸೋಮವಾರ ಬೆಳಗ್ಗೆ ಹೊರಟಳು. ನಮ್ಮ ಬೀದಿ ಮೂಲೆಯ ಬಸ್ ನಿಲ್ದಾಣದಲ್ಲಿ, ಹಿರಿಯರೆಂದು ಎಲ್ಲರೂ ದೊನ್ ಎನ್ನುವ ಅಗಾಪಿಟೊ ಕಿತ್ತಳೆ ರಸ ಮಾರುತ್ತಿದ್ದರು. ಅವಳು ಲೋಟ ಕೈಗೆ ತೆಗೆದುಕೊಳ್ಳುವಾಗ ಮೋಟಾರುಬೈಕು ಬಂತು, ಹಿಂದೆ ಕೂತವನು ಗುಂಡು ಹಾರಿಸಿದ. ಅವಳ ಸೊಂಟದ ಮೂಳೆ ಒಡೆಯಿತು. ದೊನ್ ಅಗಾಪಿಟೊ ಅಲ್ಲೇ ಸತ್ತರು. ಅವರಿಗೆ ಯಾವ ಪದವಿಯೂ ಇರಲಿಲ್ಲ, ಆದ್ದರಿಂದ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ನಾನು ಆಗ ತರಗತಿಯಲ್ಲಿದ್ದೆ. ಗುಂಡಿನ ಸದ್ದು ಕೇಳಿ ಮಕ್ಕಳು ಅಭ್ಯಾಸದಂತೆ ಬೆಂಚಿನ ಕೆಳಗೆ ಕೂತರು, ನಾನೂ ಕೂತೆ. ಎಲ್ಲಿಯದೋ ಏನೋ ಅಂದುಕೊಂಡೆ.

ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅವಳು ಮೊದಲು ಕೇಳಿದ್ದು ನೋವಿನ ಮಾತ್ರೆಯನ್ನಲ್ಲ.

"ಅಮ್ಮ, ನಾನು ತಪ್ಪು ಮಾಡಿದ್ನಾ?"

"ಇಲ್ಲ ಕಣೇ. ನೀನು ಮಾಡಿದ್ದು ಸರಿ."

"ಹಾಗಾದ್ರೆ ದೊನ್ ಅಗಾಪಿಟೊ ಹೆಂಡತಿಗೆ ಹೋಗಿ ಅದನ್ನ ಯಾರು ಹೇಳ್ತಾರೆ?"

ನಾನು ಹೋದೆ. ಆ ಹೆಂಗಸು ಬಾಗಿಲು ತೆಗೆದಳು, ನನ್ನನ್ನು ನೋಡಿದಳು, ಬಾಗಿಲು ಹಾಕಿಕೊಂಡಳು. ಅಂಥ ಬಾಗಿಲ ಮುಂದೆ ನಿಂತು ಏನು ಹೇಳಬೇಕು ಎಂಬುದನ್ನು ನಿಮ್ಮಲ್ಲಿ ಯಾವ ವಿಭಾಗದವರು ಕಲಿಸುತ್ತಾರೆ, ಕುಲಪತಿಗಳೇ?

ಹೊಲಿಗೆ ಬಿಚ್ಚುವ ಮೊದಲೇ ಯಾದಿರಾ ಗಡಿ ದಾಟಿದಳು. ಎಲ್ಲಿದ್ದಾಳೆಂದು ಬರೆಯುವುದಿಲ್ಲ. ನಾನು ಅವಳನ್ನು ಮುಟ್ಟಿ ಒಂದು ವರ್ಷವಾಯಿತು. ಈ ನಡುವೆ ನಿಮ್ಮ ಕಚೇರಿಯಿಂದ ನನಗೊಂದು ಫೋನು ಬಂತು, ಇಂಪಾದ ದನಿಯ ಹುಡುಗಿ.

"ಅಮ್ಮ, ಪದವೀಧರರ ಸಮೀಕ್ಷೆ. ಯಾದಿರಾ ಈಗ ಎಲ್ಲಿದ್ದಾರೆ?"

"ಹೊರದೇಶದಲ್ಲಿ."

"ಓ! ಕೆಲಸ ಮಾಡ್ತಿದ್ದಾರಾ?"

"ಹೋಟೆಲಲ್ಲಿ ಪಾತ್ರೆ ತೊಳೀತಾಳೆ. ತುಂಬಾ ಹೊತ್ತು ನಿಲ್ಲೋಕಾಗಲ್ಲ, ಸ್ಟೂಲ್ ಮೇಲೆ ಕೂತು ತೊಳೀತಾಳೆ."

"ಸೇವಾ ವಲಯ, ವಿದೇಶ... ಬರ್ಕೊಂಡೆ ಅಮ್ಮ. ಅಭಿನಂದನೆಗಳು!"

ಹೀಗೆ ನನ್ನ ಮಗಳು ಈ ವರ್ಷವೂ ನಿಮ್ಮ ತೊಂಬತ್ತೆಂಟರೊಳಗೇ ಇದ್ದಾಳೆ.

ಇಷ್ಟೇ ಆಗಿದ್ದರೆ ನಾನು ಬಹುಶಃ ಬರೆಯುತ್ತಿರಲಿಲ್ಲ, ಅತ್ತು ಸುಮ್ಮನಾಗುತ್ತಿದ್ದೆ. ಆದರೆ ಹೋದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಕಿನ ಡಬ್ಬಿ ಹಿಡಿದು ಮನೆಗೆ ಬಂದಳು. ನಯೇಲಿ ಎಂದು ಕರೆಯೋಣ, ಹೆಸರು ಬದಲಿಸಿದ್ದೇನೆ. ನಿಮ್ಮಲ್ಲೇ, ಅದೇ ಪದವಿ. ಕೆಲಸ ಸಿಕ್ಕಿತ್ತು. ಅದೇ ಕಂಪನಿ, ಅದೇ ಮೊಹರಿನ ಕೆಲಸ. ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಅವಳು ಡಬ್ಬಿಯ ದಾರವನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು.

"ಗೊತ್ತು ಟೀಚರ್. ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಗೊತ್ತು."

"ಗೊತ್ತಿದ್ದೂ ಹೋಗ್ತೀಯಾ?"

"ಬೇರೆ ಎಲ್ಲಿಗೆ ಹೋಗಲಿ? ತಮ್ಮಂದಿರು ಇಬ್ರು ಓದ್ತಿದ್ದಾರೆ. ಸೀಗಡಿ ಕೊಳದಲ್ಲಿ ಕೆಲಸ ಮಾಡಿದ್ರೂ ಅವರೇ ಬರ್ತಾರೆ, ಅಂಗಡಿ ಇಟ್ರೂ ಮಾಮೂಲಿಗೆ ಅವರೇ ಬರ್ತಾರೆ. ಇಲ್ಲಿ ಫ್ಯಾನ್ ಆದ್ರೂ ಇರುತ್ತೆ."

"ಅವನು ಬಂದು ಎದುರು ಕೂತ ದಿನ ಏನ್ ಮಾಡ್ತೀಯಾ?"

ಅವಳು ಕೇಕಿನ ಡಬ್ಬಿ ಬಿಚ್ಚಿದಳು. "ಯಾದಿರಾ ಅಕ್ಕ ಹುಷಾರಾಗಿದ್ದಾರಾ?" ಎಂದು ಕೇಳಿದಳು. ಕೇಕು ಕೊಯ್ದು ಇಬ್ಬರೂ ತಿಂದೆವು. ಮತ್ತೇನು ಮಾಡಬೇಕೋ ತಿಳಿಯಲಿಲ್ಲ.

ನೀವು ವಿಭಾಗ ಮುಚ್ಚಿ ಎಂದು ನಾನು ಕೇಳುತ್ತಿಲ್ಲ. ಬಾಳೆ ಕಳಿಸದೆ ಈ ಊರು ಬದುಕದು, ಕಳಿಸಲು ಓದಿದ ಮಕ್ಕಳು ಬೇಕು. ಆ ಕಳ್ಳಸಾಗಣೆಯ ಗುಂಪುಗಳನ್ನು ನೀವು ಎದುರಿಸಬೇಕೆಂದೂ ಹೇಳುವುದಿಲ್ಲ, ಅದು ನಿಮ್ಮ ಕೆಲಸವಲ್ಲ. ನಿಮ್ಮ ಕೈಯಲ್ಲೇ ಇರುವುದನ್ನು ಕೇಳುತ್ತೇನೆ. ಕಂಪನಿಯ ಜೊತೆಗಿನ ಆ ಒಪ್ಪಂದದಲ್ಲಿ ನಿಮ್ಮ ಸಹಿ ಇದೆ. ಮೊಹರಿನ ಕಾಗದಕ್ಕೆ ಒಬ್ಬರೇ ಸಹಿ ಹಾಕುವ ಪದ್ಧತಿ ನಿಲ್ಲುವವರೆಗೆ, ಯಾರನ್ನು ಬೆದರಿಸಬೇಕೆಂದು ಮೊದಲೇ ತಿಳಿಯದಂತೆ ಅಂದಂದು ಸಹಿ ಹಾಕುವವರ ಹೆಸರು ಅಂದೇ ಬೆಳಗ್ಗೆ ಚೀಟಿ ಎತ್ತಿ ತೀರ್ಮಾನವಾಗುವವರೆಗೆ, ದೊಡ್ಡ ಕೋಣೆಯ ಮ್ಯಾನೇಜರೂ ಆ ಚೀಟಿಯಲ್ಲಿ ಸೇರುವವರೆಗೆ, ಒಬ್ಬ ವಿದ್ಯಾರ್ಥಿಯನ್ನೂ ಅಲ್ಲಿಗೆ ಕಳಿಸುವುದಿಲ್ಲ ಎಂದು ಬರೆದುಕೊಡಿ. ವಿಲ್ಮೆರ್‌ನ ಮೊಕದ್ದಮೆ ಇನ್ನೂ ನಡೆಯುತ್ತಿದೆ, ಅವನು ಯಾರ ಶಿಫಾರಸಿನಿಂದ ಯಾವ ಜಾಗಕ್ಕೆ ಹೋದ ಎಂದು ನ್ಯಾಯಾಲಯಕ್ಕೆ ಬಂದು ಹೇಳಿ. ಆರು ತಿಂಗಳು ತುಂಬಿಸಬೇಕೆಂಬ ಆ ನಿಯಮವನ್ನು ಇವತ್ತೇ ಹರಿದುಹಾಕಿ.

ನಯೇಲಿ ಕೆಲಸಕ್ಕೆ ಸೇರುವುದು ಬರುವ ಸೋಮವಾರ. ಸಭೆ ಕರೆಯುವಷ್ಟು, ಸಮಿತಿ ಮಾಡುವಷ್ಟು ಸಮಯವಿಲ್ಲ. ನಿಮ್ಮ ಮೇಜಿನ ಮೇಲೆ ಫೋನಿದೆ, ಅವಳ ಮನೆಯ ನಂಬರು ನಿಮ್ಮ ಕಚೇರಿಯಲ್ಲಿದೆ. ಭಾನುವಾರದೊಳಗೆ ನೀವೇ ಕೈಯಾರೆ ಫೋನು ಮಾಡಿ, ಹೋಗಬೇಡ ಎಂದು ಹೇಳಿ. ನಾನು ಹೇಳಿದರೆ ಕೇಳುತ್ತಿಲ್ಲ. ನೀವು ಹೇಳಿದರೆ ಕೇಳುತ್ತಾಳೆ, ನಿಮ್ಮ ಮಾತು ನಂಬಿಯೇ ಅವಳು ಇಲ್ಲಿಯವರೆಗೆ ಬಂದದ್ದು.

ಇಂತಿ,
ಭಾನುವಾರವೂ ಕವಿತೆ ಓದಲಾಗದ ಭಾಷಾ ಶಿಕ್ಷಕಿ, ನಿಮ್ಮ ಸಮೀಕ್ಷೆಯ 'ತೃಪ್ತ ಪೋಷಕರ' ಪೈಕಿ ಒಬ್ಬಳು,
ರೊಸಾವುರಾ ಟಿನೋಕೊ
ಪುಯೆರ್ತೊ ಅಲ್ಮೇಹಾ, ಈಕ್ವೆಡಾರ್